ಮುತ್ಯಾನ ಹೆಬ್ಬೆರಳು

ನಮ್ಮ ಮನೆಯ ಫೋನು ನನ್ನ ಬಲಗೈ ಹೆಬ್ಬೆರಳು ಇಟ್ಟರೆ ತೆರೆಯುತ್ತದೆ. ಹಾಗೆ ಮಾಡಿಟ್ಟವನು ನನ್ನ ಮಗ ಕಿರಣಕುಮಾರ. ಅವನು ವಿಮಾನಪುರದ ಕಡೆ ಒಂದು ವರ್ಕ್‌ಶಾಪಿಗೆ ಬೆಳಿಗ್ಗೆ ಏಳಕ್ಕೇ ಹೋಗುತ್ತಾನೆ. ಸೊಸೆ ಶೇಷಮ್ಮ ಇಂದಿರಾನಗರದಲ್ಲಿ ನಾಲ್ಕು ಮನೆಗಳ ಅಡಿಗೆ ಮಾಡುತ್ತಾಳೆ. ಇಬ್ಬರೂ ಮರಳುವುದು ಸಂಜೆ ಏಳರ ಮೇಲೆ. ಮೊಮ್ಮಗಳು ರೇವತಿ ಏಳನೇ ಕ್ಲಾಸು. ಶಾಲೆಯವರು ಹೋಂವರ್ಕನ್ನು ಫೋನಿಗೇ ಕಳಿಸುತ್ತಾರೆ. ಫೋನು ಬೇಡ ಅನ್ನುವ ಹಾಗಿಲ್ಲ, ಕೊಟ್ಟರೆ ಹೆದರಿಕೆ.

"ಎಪ್ಪಾ, ನಿನ್ನ ಬೆರಳ ಇರ್ಲಿ. ಅಕಿ ಕೇಳಿದಾಗ ತಗದು ಕೊಡು. ಅರ್ಧ ತಾಸು. ಬಾಜೂಕ ಕುಂದ್ರು," ಅಂದಿದ್ದ ಮಗ.

ಮೂವತ್ತು ವರ್ಷ ನಾನು ಕಾಂಕ್ರೀಟ್ ಹಾಕಿದವನು. ಸಿಮೆಂಟು ಬೆರಳಿನ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ರೇಷನ್ ಅಂಗಡಿಯ ಯಂತ್ರ ನನ್ನನ್ನು ಒಪ್ಪುತ್ತಲೇ ಇರಲಿಲ್ಲ. ಮೊಣಕಾಲು ಹೋಗಿ, ಕೆ.ಆರ್. ಪುರದ ಈ ಬಾಡಿಗೆ ಕೋಣೆಯಲ್ಲಿ ಕೂತ ಮೇಲೆ ಗೆರೆಗಳು ಒಂದೊಂದಾಗಿ ವಾಪಸು ಬಂದವು.

ರೇವತಿ ಶಾಲೆಯಿಂದ ಮೂರಕ್ಕೆ ಬರುತ್ತಾಳೆ. ಆ ಹೊತ್ತಿಗೆ ನಾನು ಚಾಪೆಯ ಮೇಲೆ ಅಡ್ಡಾಗಿರುತ್ತೇನೆ. ಒಂದು ದಿನ ಕಣ್ಣು ಮುಚ್ಚಿಕೊಂಡಿದ್ದಾಗ ಸಣ್ಣ ಕೈಯೊಂದು ನನ್ನ ಕೈ ಹಿಡಿದು, ಹೆಬ್ಬೆರಳನ್ನು ಮೆಲ್ಲಗೆ ಎತ್ತಿ, ತಣ್ಣನೆಯ ಗಾಜಿನ ಮೇಲೆ ಒತ್ತಿತು. ನನಗೆ ಎಚ್ಚರವಿತ್ತು. ಕಣ್ಣು ಬಿಟ್ಟರೆ ಎದ್ದು ಕೂರಬೇಕು, ಅವಳ ಜೊತೆ ವಾದ ಮಾಡಬೇಕು, ಪಕ್ಕದಲ್ಲಿ ಕಾಯಬೇಕು. ನಾನು ಕಣ್ಣು ಬಿಡಲಿಲ್ಲ. ಇನ್ನೊಂದು ಮಾತೂ ಇದೆ. ಹೆಂಡತಿ ಹೋದ ಮೇಲೆ ನನ್ನ ಕೈಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ.

ಹೀಗೆ ಐದು ತಿಂಗಳು.

ಹೋದ ವಾರ ಮೂರು ದಿನ ಆ ಕೈ ಬರಲಿಲ್ಲ. ತಾಟಿನಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ಗೂಡಿನಲ್ಲಿಟ್ಟ ಫೋನು ಗುರ್ ಅಂದಾಗಲೆಲ್ಲ ಹುಡುಗಿಯ ಹೆಗಲು ಬಿಗಿಯುತ್ತಿತ್ತು. ಗುರುವಾರ ನಾನು ಎದ್ದು ಕೂತೆ.

"ರೇವತಿ, ಇಷ್ಟ್ ದಿವ್ಸ ನಾ ಮಕ್ಕೊಂಡಿರ್ಲಿಲ್ಲವ್ವಾ."

"ಗೊತ್ತು ಮುತ್ಯಾ."

"ಹ್ಯಾಂಗ?"

"ನಿಜವಾಗ್ಲೂ ಮಲಗಿದ್ರೆ ಗೊರಕೆ ಹೊಡೀತೀಯಲ್ಲ. ಕೆಳಗಡೆ ಫಹ್ಮಿದಾ ಆಂಟಿಗೂ ಕೇಳ್ಸುತ್ತೆ."

ನಗಬೇಕೆಂದಿದ್ದವಳು ಅತ್ತಳು. ಆಮೇಲೆ ಹೇಳಿದಳು. ಫೋನಿನ ಆಟದಲ್ಲಿ ಒಬ್ಬ ಗೆಳತಿ ಸಿಕ್ಕಿದ್ದಾಳೆ. ಹೆಸರು ಮಿಸ್ಬಾ, ಮನೆ ಕಮ್ಮನಹಳ್ಳಿಯಂತೆ, ಎಂಟನೇ ಕ್ಲಾಸಂತೆ. ರೇವತಿ ಅಮ್ಮನ ಸೀರೆ ಉಟ್ಟು ಕುಣಿದ ವಿಡಿಯೋ ಅವಳಿಗೆ ಕಳಿಸಿದ್ದಾಳೆ. ಶಾಲೆ ಯಾವುದು, ಮನೆ ಎಲ್ಲಿ ಎಂಬುದನ್ನೂ ಹೇಳಿದ್ದಾಳೆ. ಈಗ ಮಿಸ್ಬಾ ಬರೆದಿದ್ದಾಳೆ: ಶನಿವಾರ ನಾಲ್ಕಕ್ಕೆ ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆಗೆ ಒಬ್ಬಳೇ ಬಾ, ಬರದಿದ್ದರೆ ನಿನ್ನ ಕುಣಿತ ನಿಮ್ಮಪ್ಪನಿಗೆ ಕಳಿಸುತ್ತೇನೆ.

"ಅಕಿ ಮಾರಿ ನೋಡಿಯೇನು?"

"ಕ್ಯಾಮೆರಾ ಕೆಟ್ಟೋಗಿದೆ ಅಂತಾಳೆ. ಒಂದ್ಸಲ ಗಂಡಸಿನ ದನಿ ಬಂತು. ಅಣ್ಣ ಅಂದ್ಲು."

"ಮತ್ತ ಹೋಗಾಕಿದ್ದಿ?"

"ಫೋನಿಂದ ಏನಾದ್ರೂ ಆದ್ರೆ ಸ್ಕೂಲ್ ಬಿಡ್ಸಿ ಊರಿಗೆ ಕಳಿಸ್ತೀನಿ ಅಂದಿದಾರಲ್ಲ ಅಪ್ಪ. ಒಂದ್ಸಲ ಹೋಗಿ ಬಂದ್ಬಿಟ್ರೆ ಮುಗಿಯುತ್ತೆ ಅನ್ಕೊಂಡೆ."

ಕಿರಣಕುಮಾರನಿಗೆ ಮೂರು ವರ್ಷವಿದ್ದಾಗ ಇದೇ ಇಂದಿರಾನಗರದಲ್ಲಿ ಒಂದು ಕಟ್ಟಡದ ಕೆಲಸ ನಡೆದಿತ್ತು. ನೀರಿನ ಸಂಪು ಬಾಯಿ ತೆರೆದು ಬಿದ್ದಿತ್ತು. ಅವರವ್ವನ ಹಳೆ ಸೀರೆ ಹರಿದು ಅವನ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿಯುತ್ತಿದ್ದೆ. ದಿನವೆಲ್ಲ ಅಳುತ್ತಿದ್ದ. ಅಳಲಿ ಎಂದು ನಾನು ಕಾಂಕ್ರೀಟಿನ ಬಾಂಡ್ಲಿ ಹೊರುತ್ತಿದ್ದೆ. ಗುಂಡಿ ಎಲ್ಲಿದೆ ಎಂದು ಆಗ ಕಣ್ಣಿಗೆ ಕಾಣುತ್ತಿತ್ತು. ಈಗ ಗುಂಡಿಯೇ ಕೋಣೆಯೊಳಗೆ ಬಂದಿತ್ತು. ಅದರ ಮುಚ್ಚಳ ತೆಗೆದುಕೊಟ್ಟ ಬೆರಳು ನನ್ನದು.

ಸಂಜೆ ಮಗ ಮುಖ ತೊಳೆದು ಬರುವವರೆಗೂ ಕಾದು ಎಲ್ಲ ಹೇಳಿದೆ. ರೇವತಿ ನನ್ನ ಬೆನ್ನ ಹಿಂದೆ ಕೂತಿದ್ದಳು. ಅವನು ಟವೆಲ್ಲನ್ನು ಹಾಗೇ ಹಿಡಿದು ನಿಂತ.

"ನಾಳಿಂದ ಸಾಲಿ ಸಾಕು. ಊರಿಗಿ ಹೋಗ್ಲಿ."

"ಹಂಗಾರ ನನ್ನೂ ಕಳಸು. ಬೆರಳ ನಂದು. ಐದ್ ತಿಂಗಳ ಎಚ್ಚರಿದ್ದೇ ಕೊಟ್ಟೀನಿ."

"ಎಚ್ಚರಿದ್ದಿ?"

"ಹೂಂ."

"ಮತ್ತ್ಯಾಕ ಸುಮ್ನಿದ್ದಿ?"

"ಸಾಕಾಗಿತ್ತಪ್ಪಾ."

ಅವನು ಬೈಯುತ್ತಾನೆಂದುಕೊಂಡೆ. ಗೋಡೆಗೆ ಒರಗಿ ಕೂತುಬಿಟ್ಟ. "ನಂಗೂ ಸಾಕಾಗ್ಯಾದ ಎಪ್ಪಾ," ಅಂದ.

ಶೇಷಮ್ಮ ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ. "ಅಪ್ಪ ಮಗ ಇಬ್ರೂ ದಣದೀರಿ, ಚಂದ ಆಯ್ತು. ಮೊದ್ಲು ಕೂಸಿಗಿ ಉಣ್ಣಾಕ ಹಾಕ್ರಿ," ಎಂದು ಫೋನು ಎತ್ತಿಕೊಂಡು ಕೆಳಗೆ ಬ್ಲೌಸ್ ಹೊಲಿಯುವ ಫಹ್ಮಿದಾಳನ್ನು ಕರೆತಂದಳು. ಫಹ್ಮಿದಾಗೆ ಇಂಗ್ಲಿಷ್ ಅಕ್ಷರ ಬರುತ್ತದೆ. ನಾನು ಬೆರಳು ಇಟ್ಟೆ. ಅವಳು ಬಹಳ ಹೊತ್ತು ಓದಿದಳು.

"ಇದು ಹುಡುಗಿ ಅಲ್ಲ ತಾತಾ," ಅಂದಳು. "ಒಂದೂ ಅಳಿಸ್ಬೇಡಿ. ಪೊಲೀಸ್ನವ್ರಿಗೆ ಇದೇ ಬೇಕು. ನಾನೂ ಬರ್ತೀನಿ. ಬೇಟಾ, ತಪ್ಪು ನಿಂದಲ್ಲ, ಊಟ ಮಾಡು."

ಮಾರನೆಯ ದಿನ ಮಗ ರಜೆ ಹಾಕಿದ. ಪೊಲೀಸ್ ಸ್ಟೇಷನ್ನಿನಲ್ಲಿ ಒಬ್ಬ ಹೆಣ್ಣು ಪೊಲೀಸು ರೇವತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು, ಬರೆದುಕೊಂಡರು. ಶನಿವಾರ ನಾಲ್ಕು ಗಂಟೆಗೆ ಹುಡುಗಿ ನನ್ನ ಹತ್ತಿರವೇ ಇದ್ದಳು. ರೈಲಿನ ಸದ್ದು ಬಂದಾಗೊಮ್ಮೆ ನನ್ನ ಮುಖ ನೋಡುತ್ತಿದ್ದಳು. ಸೇತುವೆಯ ಮೇಲೆ ಯಾರು ಬಂದರೋ ಬರಲಿಲ್ಲವೋ ಗೊತ್ತಿಲ್ಲ. ಪೊಲೀಸರು ಇನ್ನೂ ಹೇಳಿಲ್ಲ.

ಸೋಮವಾರ ಕಿರಣಕುಮಾರ ತಾನೇ ಅವಳನ್ನು ಶಾಲೆಗೆ ಬಿಟ್ಟು ಬಂದ. ಊರಿನ ಮಾತು ಮತ್ತೆ ಎತ್ತಲಿಲ್ಲ. ಫೋನಿನ ಬೀಗ ಬದಲಿಸುತ್ತೇನೆ ಅಂದಾಗ ರೇವತಿ, "ಮುತ್ಯಾಂದೇ ಇರ್ಲಿ," ಅಂದಳು.

ಹಾಗಾಗಿ ಈಗ ಮೂರು ಗಂಟೆಗೆ ನಾನು ಮಲಗುವುದಿಲ್ಲ. ಗೋಡೆಗೆ ಒರಗಿ ಕೂರುತ್ತೇನೆ. ಅವಳು ಬಂದು, ಮೊದಲಿನ ಹಾಗೆಯೇ ಕೈ ಹಿಡಿದು ಬೆರಳು ಒತ್ತುತ್ತಾಳೆ. ಬಂದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಅರ್ಧ ನನಗೆ ತಿಳಿಯುವುದಿಲ್ಲ. ಎರಡನೇ ಕ್ಲಾಸಿಗೆ ಬಿಟ್ಟವನು. ಕಣ್ಣು ಎಳೆಯುತ್ತದೆ. ಆಗ ಅವಳು ಓದುವುದನ್ನು ನಿಲ್ಲಿಸಿ ಮೊಣಕಾಲು ತಟ್ಟುತ್ತಾಳೆ.

"ಮುತ್ಯಾ, ಗೊರಕೆ."

"ಇಲ್ಲವ್ವಾ, ಓದು," ಅನ್ನುತ್ತೇನೆ.