ಬದನೆ ಸಾಲಿನ ನಡುವೆ

ಸ್ಮಶಾನದಲ್ಲಿ ಕುಣಿ ತೋಡಲು ಹೊರಟಿದ್ದ ಗಿಡ್ಡಯ್ಯನ ಹೆಗಲಿನಿಂದ ಮಾರಮ್ಮ ಗುದ್ದಲಿ ಕಿತ್ತುಕೊಂಡಳು. ಜಗಲಿಯ ಮೇಲೆ ಅವಳ ಅಕ್ಕ ಬೀರಮ್ಮನ ಹೆಣ ಮಲಗಿತ್ತು.

"ಅಲ್ಲಿ ಬ್ಯಾಡ. ಹಿತ್ತಲ ತ್ವಾಟದಾಗೆ ತೋಡು."

"ಬದ್ನೆ ಫಸಲಿಗೆ ಬಂದದೆ ಕಣವ್ವ," ಎಂದು ಗಿಡ್ಡಯ್ಯ ತಡವರಿಸಿದ.

ಅಷ್ಟು ಹೊತ್ತೂ ತಲೆ ಚಚ್ಚಿಕೊಂಡು ಅಳುತ್ತಿದ್ದ ಸತ್ತವಳ ಮೈದುನ ಚೆನ್ನಯ್ಯ ಥಟ್ಟನೆ ಅಳು ನಿಲ್ಲಿಸಿದ.

"ನಿಂಗೇನು ಉಚ್ಚಾ? ನನ್ ತ್ವಾಟದಾಗೆ ಎಣ ಊಳ್ತೀಯಾ?"

"ನಿನ್ ತ್ವಾಟ? ಯಾವತ್ತಿಂದ್ಲಾ ನಿಂದು?"

*

ಐವತ್ತಾರನೇ ಇಸವಿಯಲ್ಲಿ ಬೀರಮ್ಮನ ಗಂಡ ತೀರಿಕೊಂಡಾಗ ಅದು ತೋಟವಾಗಿರಲಿಲ್ಲ. ಆಳೆತ್ತರದ ಹುಲ್ಲು, ಲಂಟಾನದ ಪೊದೆ, ಬುಡದಲ್ಲೆಲ್ಲ ಜೇಕು. ಮೇಲೆ ಕಿತ್ತರೂ ಒಳಗೆ ಗಡ್ಡೆ ಉಳಿದು ವಾರದೊಳಗೆ ಮತ್ತೆ ತಲೆಯೆತ್ತುವ ಹಾಳು ಕಳೆ.

"ಕಳೆ ಕಿತ್ತು ಅಸ್ನು ಮಾಡ್ಕೋ ಅತ್ಗೆ, ಅಷ್ಟೂ ನಿಂದೇ," ಎಂದು ಚೆನ್ನಯ್ಯ ಜಗಲಿಯಲ್ಲಿ ನಾಲ್ಕು ಜನರ ಮುಂದೆ ಹೇಳಿದ್ದ. ಆ ನಾಲ್ವರಲ್ಲಿ ಗಿಡ್ಡಯ್ಯನೂ ಒಬ್ಬ.

ಬೇಸಗೆ ಪೂರ್ತಿ ಅಕ್ಕತಂಗಿಯರು ಮಂಡಿಯೂರಿ ಕೂತು ಗಡ್ಡೆ ಅಗೆದರು, ಗುಡ್ಡೆ ಹಾಕಿ ಸುಟ್ಟರು. ಬೀರಮ್ಮನ ಉಗುರುಸಂದಿಗಳಲ್ಲಿ ಕೀವಾಯಿತು. ಮಳೆ ಬಿದ್ದ ಮೇಲೆ ಅವರು ನೆಟ್ಟ ಬದನೆ ಹೂ ಬಿಟ್ಟದ್ದೇ ತಡ, ಚೆನ್ನಯ್ಯ ಸುತ್ತ ಮುಳ್ಳುಬೇಲಿ ಹಾಕಿಸಿದ. ಕಾಯಿ ಅವನ ಗಾಡಿಯಲ್ಲಿ ಹೊಳೆನರಸೀಪುರದ ಸಂತೆಗೆ ಹೋಯಿತು. "ಕೂಲಿಗೆ ಬಾ ಅತ್ಗೆ" ಎಂದ. ಬೀರಮ್ಮ ಹೋದಳು. ಸಾಯುವವರೆಗೂ ಹೋದಳು.

"ನಿಂಗೆ ನಾಚ್ಕೆ ಆಗಕಿಲ್ವಾ?" ಎಂದು ಮಾರಮ್ಮ ರೇಗಿದ್ದಳು.

"ನಾನ್ ಓಗ್ದಿದ್ರೆ ಜೇಕು ತಿರ್ಗಾ ಬಂದ್ಬುಡ್ತದೆ ಕಣೆ."

ಆ ಮಾತಿಗೆ ಅಕ್ಕನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂದಿತ್ತು ಮಾರಮ್ಮನಿಗೆ.

*

ಈಗ ಆ ಸಿಟ್ಟೆಲ್ಲ ಗುದ್ದಲಿಗೆ ಇಳಿಯಿತು. ಬೇಲಿಯ ಮುಳ್ಳು ಎಳೆದು ಒಳನುಗ್ಗಿದವಳು ಕಾಯಿ ಜೋತ ಗಿಡಗಳ ಬುಡಕ್ಕೇ ಬೀಸಿದಳು.

"ಇಡ್ಕಳ್ರೋ ಅವಳ್ನ!" ಚೆನ್ನಯ್ಯ ಕೂಗಿದ. "ನಾಳೆ ಸಮಾಧಿ ತೋರ್ಸಿ ತ್ವಾಟ ನಮ್ದು ಅಂತಾಳೆ!"

"ಅಂತೀನಿ ಕಣ್ಲಾ! ಬದುಕಿದ್ದಾಗಂತೂ ಕೊಡ್ಲಿಲ್ಲ. ಈಗ ಒಂದಾಳುದ್ದ ಬುಡು!"

ಯಾರೂ ಅಲುಗಲಿಲ್ಲ. ಮಾರಮ್ಮ ಗಿಡ್ಡಯ್ಯನ ಕಡೆ ತಿರುಗಿದಳು. "ನೀನೂ ಇದ್ದೆ. ಯೋಳು, ಅವತ್ತು ಏನಂದ ಇವ್ನು?"

ಗಿಡ್ಡಯ್ಯ ನೆಲ ನೋಡಿದ. "ಅಷ್ಟೂ ನಿಂದೇ ಅಂದ," ಎಂದು ಗೊಣಗಿದ. ಆಮೇಲೆ ಟವಲ್ಲನ್ನು ಸೊಂಟಕ್ಕೆ ಬಿಗಿದು, "ಕೊಡಿಲ್ಲಿ" ಎಂದು ಗುದ್ದಲಿಗೆ ಕೈಚಾಚಿದ.

ಕುಣಿ ಎದೆಮಟ್ಟಕ್ಕೆ ಇಳಿದಾಗ ಬಿಸಿಲೇರಿತ್ತು. ಹೆಣ ಹೊತ್ತವರು ಬೇಲಿ ದಾಟಿ ಬಂದರು. ಅಕ್ಕನ ತಲೆಯ ಕಡೆ ಹಿಡಿದು ಮಾರಮ್ಮನೇ ಇಳಿಸಿದಳು. ಮೊದಲ ಹಿಡಿ ಮಣ್ಣು ಹಾಕಲು ಮೈದುನನನ್ನು ಕರೆಯೋಣವೆಂದು ಹಿರಿಯರು ಸುತ್ತ ನೋಡಿದರು.

ಚೆನ್ನಯ್ಯ ಆಚೆ ಕುಕ್ಕರಗಾಲಲ್ಲಿ ಕೂತು, ಬುಡಮೇಲಾಗಿ ಬಿದ್ದ ಗಿಡಗಳಿಂದ ಎಳೆಗಾಯಿಗಳನ್ನು ಬಿಡಿಸಿ ಪಂಚೆಯ ಮಡಿಲಿಗೆ ತುಂಬಿಕೊಳ್ಳುತ್ತಿದ್ದ.