ಅರ್ಧ ತಿರುವಿದ ನಲ್ಲಿ

ಬಕೆಟ್ಟನ್ನು ಕೆಳಗೆ ನೂಕಿ ಶರಣವ್ವ ನಲ್ಲಿಯನ್ನು ಅರ್ಧ ತಿರುವಿದಳು. ಬುಸ್ಸೆಂದು ಗಾಳಿ ಬಂತೇ ಹೊರತು ನೀರು ಬರಲಿಲ್ಲ. ಬರುವುದಾದರೂ ಎಲ್ಲಿಂದ? ಜೋಗೇಶ್ವರಿ ಬಡಾವಣೆಯ ಆ ಬಿಲ್ಡಿಂಗಿನಲ್ಲಿ ನೀರು ಬೆಳಗ್ಗೆ ಒಂದೇ ಸಲ, ಬೆಳಗ್ಗೆ ಅವಳು ಆಸ್ಪತ್ರೆಯಲ್ಲಿದ್ದಳು. ಈಗ ಮಧ್ಯಾಹ್ನ. ಪಡಸಾಲೆಯಲ್ಲಿ ಅವಳ ಗಂಡ ಬಸವಂತಪ್ಪನನ್ನು ಚಾಪೆಯ ಮೇಲೆ ಮಲಗಿಸಿದ್ದರು, ಕಡೆಯ ಜಳಕ ಆಗಬೇಕಿತ್ತು.

"ಟ್ಯಾಂಕರ್ ಮಂಗಾವೂಂ ಕ್ಯಾ, ಅವ್ವಾ?" ಟ್ಯಾಂಕರ್ ತರಿಸಲೇ ಎಂದು ಮಗಳು ಮಾಧುರಿ ಹಿಂದಿಯಲ್ಲೇ ಕೇಳಿದಳು.

"ಬ್ಯಾಡ. ಕಿಶೋರನ್ನ ಕರಿ. ಟೆರೇಸಿನ ಕೀಲಿ ಅವನ ಕಡೆ ಐತಿ, ಟಾಕಿ ನೀರು ಬಿಡ್ತಾನ."

ಆ ಹೆಸರು ಅವಳ ಬಾಯಲ್ಲಿ ಬಂದು ವರ್ಷಗಳೇ ಆಗಿದ್ದವು. ಬರೀ ನೀರಿನ ಮಾತಾಗಿದ್ದರೆ ಟ್ಯಾಂಕರಿಗೇ ಹ್ಞೂಂ ಅನ್ನುತ್ತಿದ್ದಳು. ಗಂಡನನ್ನು ಎತ್ತುವ ಮೊದಲು ಅವಳಿಗೆ ಕಿಶೋರನ ಬಾಯಿಂದ ಒಂದು ಮಾತು ಬೇಕಿತ್ತು. ಬಸವಂತಪ್ಪ ಕಳ್ಳನಲ್ಲ ಎಂದು ಅವನು ನಾಲ್ಕು ಮಂದಿಯ ಮುಂದೆ ಹೇಳಬೇಕಿತ್ತು.

*

ವರ್ಷಗಳ ಹಿಂದೆ ಬಸವಂತಪ್ಪ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿಯಾಗಿದ್ದ. ಟೆರೇಸಿಗೆ ಹೋಗಿ ವಾಲ್ವ್ ತಿರುವಿ ಎ, ಬಿ ಎರಡೂ ವಿಂಗಿಗೆ ನೀರು ಬಿಡುವುದು ಅವನದೇ ಕೆಲಸ. ಎ ವಿಂಗಿನಲ್ಲಿ ನೀರು ಸಣ್ಣಗಾಯಿತು. ಮೀಟಿಂಗಿನಲ್ಲಿ ಆ ವಿಂಗಿನ ಕಿಶೋರ ಎದ್ದು ನಿಂತು, ಬಿ ವಿಂಗಿನಲ್ಲಿರುವ ಸೆಕ್ರೆಟರಿ ತನ್ನ ಡ್ರಮ್ಮು ತುಂಬಿಸಿಕೊಳ್ಳಲು ನಮ್ಮ ನೀರು ಕದಿಯುತ್ತಾನೆ ಎಂದುಬಿಟ್ಟ. ತಮ್ಮ ಬೆಳಗಾವಿ ಕಡೆಯವನೆಂದು ಶರಣವ್ವ ಎಷ್ಟೋ ಸಲ ಕರೆದು ರೊಟ್ಟಿ ಬಡಿಸಿದ ಹುಡುಗ! ಅವಳ ಮೈಯೆಲ್ಲ ಉರಿದುಹೋಯಿತು. ಬಸವಂತಪ್ಪ ಮಾತ್ರ ಕಿಸೆಯಿಂದ ಕೀಲಿ ತೆಗೆದು ಅವನ ಮುಂದಿಟ್ಟ.

"ನೀರು ಕಡಿಮಿ ಬರೂದು ಖರೆ ಐತಿ. ಯಾಕಂತ ನೋಡೂಣು. ನಾಳಿಂದ ನೀನ ಬಿಡು, ನಾ ಸಂಗಾಟ ಬರ್ತೀನಿ."

ಮರುದಿನದಿಂದ ಇಬ್ಬರೂ ಕೂಡಿಯೇ ಟೆರೇಸು ಹತ್ತಿದರು. ಕೊನೆಗೆ ಪ್ಲಂಬರನನ್ನು ಕರೆಸಿ ಬಿಚ್ಚಿಸಿದರೆ ಎ ವಿಂಗಿನ ಪೈಪಿನ ತುಂಬ ತುಕ್ಕು. ಪೈಪು ಬದಲಾಯಿತು, ನೀರು ಬಂತು, ಎಲ್ಲರೂ ತಮ್ಮ ಪಾಡಿಗೆ ತಾವು ಸುಮ್ಮನಾದರು. ಕಿಶೋರನೂ ಸುಮ್ಮನಾದ.

ಆದರೆ ಮೀಟಿಂಗಿನ ದಿನದಿಂದಲೇ ಬಸವಂತಪ್ಪ ಮನೆಯ ನಲ್ಲಿಯನ್ನು ಅರ್ಧಕ್ಕಿಂತ ಹೆಚ್ಚು ತಿರುವಬಾರದೆಂದು ಕಟ್ಟುಮಾಡಿದ್ದ. ಪೈಪು ಬದಲಾದ ಮೇಲೂ ಅದನ್ನು ಬಿಡಲಿಲ್ಲ. ದಿನಾ ಬೆಳಗ್ಗೆ ಬಕೆಟ್ಟಿನ ಮುಂದೆ ಕೂತು ಶರಣವ್ವ ಕುದಿಯುತ್ತಿದ್ದಳು.

"ಬಾಯಿ ಸತ್ತೈತೇನು ನಿಮಗ? ನಾ ಕದ್ದಿಲ್ಲಂತ ಒಂದ್ಸಲರೆ ಹೇಳ್ರಿ."

"ಅವರಿಗೆ ನೀರು ಬಂತಲ್ಲ. ಇನ್ನೇನು ಹೇಳೂದು?"

ಅಷ್ಟೇ. ಆ ಸಿಟ್ಟಿಗೆ ಅವಳು ಎಷ್ಟೋ ದಿನ ಅವನಿಗೆ ಚಹಾದ ಕಪ್ಪನ್ನು ಕುಕ್ಕಿ ಇಟ್ಟಿದ್ದಳು.

*

ಕಿಶೋರ ವಾಲ್ವ್ ತಿರುವಿ ಬರಿಗಾಲಲ್ಲೇ ಇಳಿದು ಬಂದ. ಪಡಸಾಲೆಯಲ್ಲಿ, ಜಿನೆಯ ಮೆಟ್ಟಿಲ ಮೇಲೆ ಎರಡೂ ವಿಂಗಿನ ಜನ ನಿಂತಿದ್ದರು. ಶರಣವ್ವ ಬಚ್ಚಲ ಬಾಗಿಲಲ್ಲೇ ಅವನನ್ನು ತಡೆದಳು.

"ಅವತ್ತ ಮಂದಿ ಮುಂದ ಅಂದಿದ್ದಿ. ಇವತ್ತೂ ಮಂದಿ ಐತಿ ನೋಡಪಾ."

ಕಿಶೋರ ತಲೆ ತಗ್ಗಿಸಿದ. ಆಮೇಲೆ ಪಡಸಾಲೆಯ ಕಡೆ ತಿರುಗಿದ.

"ಕಾಕಾ ನೀರು ಕದ್ದಿರಲಿಲ್ಲ. ಪೈಪು ಬಿಚ್ಚಿದ ದಿನಾನ ನನಗ ಗೊತ್ತಾಗಿತ್ತು. ಹೇಳಾಕ ನಾಚಿಕಿ ಬಂತು. ಅವರು ಕೇಳಲೂ ಇಲ್ಲ."

ಇಷ್ಟು ಕೇಳಿದರೆ ಎದೆ ತಣ್ಣಗಾಗುತ್ತದೆ ಎಂದುಕೊಂಡಿದ್ದಳು ಶರಣವ್ವ. ಆಗಲಿಲ್ಲ. ಕೇಳಬೇಕಾದವನ ಕಿವಿಗೆ ಹತ್ತಿ ಇಟ್ಟಿದ್ದರು.

ಬಚ್ಚಲಲ್ಲಿ ನಲ್ಲಿ ಗೊರಗುಟ್ಟಿತು. ಬೆರಳಿನಷ್ಟು ಸಣ್ಣಗೆ ನೀರು ಇಳಿಯತೊಡಗಿತು.

"ಪೂರ್ತಿ ತಿರುವ್ರಿ ಕಾಕೂ," ಎಂದ ಕಿಶೋರ, "ಇವತ್ತೊಂದಿನರೆ."

ಶರಣವ್ವ ತಿರುವಿದಳು. ಅದು ಅರ್ಧದಿಂದ ಮುಂದೆ ಹೋಗಲಿಲ್ಲ. ಕಿಶೋರ ಕುಕ್ಕುರುಗಾಲಲ್ಲಿ ಕೂತು, ಟವೆಲು ಸುತ್ತಿ, ಎರಡೂ ಕೈಯಿಂದ ಜಗ್ಗಿದ. ಅವನ ಕತ್ತಿನ ನರ ಉಬ್ಬಿತು. ವರ್ಷಗಟ್ಟಲೆ ಅರ್ಧಕ್ಕೇ ನಿಂತ ನಲ್ಲಿ ಅಲ್ಲೇ ಹಿಡಿದುಕೊಂಡುಬಿಟ್ಟಿತ್ತು.

ಹೊರಗೆ ಎರಡೂ ವಿಂಗಿನವರು ಕೈಕಟ್ಟಿಕೊಂಡು, ಬಕೆಟ್ಟು ತುಂಬುವುದನ್ನೇ ಕಾಯುತ್ತ ನಿಂತರು.