ಕರ್ಪೂರದ ಗಾಳಿ

ಇರುವೆ ತುಳಿದರೂ ಶಿವಶಿವಾ ಅನ್ನುವ ರುದ್ರೇಶ ಬೇಟೆಗೆ ಹೊರಟಿದ್ದಾನೆಂದರೆ ಪರದೇಶದ ಪಾಮರ್ಸ್ಟನ್ ನಾರ್ತ್‌ನ ಕನ್ನಡದ ಮನೆಗಳಲ್ಲಿ ಯಾರೂ ನಂಬಲಿಲ್ಲ. ಯುನಿವರ್ಸಿಟಿಯಲ್ಲಿ ಮಣ್ಣು ಪರೀಕ್ಷೆಯ ಕೆಲಸ, ಬಾರ್ಬೆಕ್ಯೂಗೆ ಕರೆದರೆ ಮೂಲೆ ಹಿಡಿದು ಜೋಳದ ತೆನೆ ಸುಟ್ಟುಕೊಂಡು ತಿನ್ನುವ ಆಸಾಮಿ. ಅಂಥವನು ಮೂರು ತಿಂಗಳಿಂದ ಗ್ಯಾರೇಜಿನಲ್ಲಿ ಕೂತು ಪ್ಲಾಸ್ಟಿಕ್ ಕೊಳವೆಯೊಂದನ್ನು ಊದುತ್ತಿದ್ದ. ಅದು ಎಲ್ಕ್ ಅನ್ನುವ ಭಾರಿ ಜಿಂಕೆಯ ಹೆಣ್ಣು ಗಂಡನ್ನು ಕರೆಯುವ ದನಿಯಂತೆ. ಪಕ್ಕದ ಮನೆಯ ಮುದುಕಿ ಎರಡು ಸಲ ಬೇಲಿಯಾಚೆಯಿಂದ ಇಣುಕಿ, ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿದ್ದಳು. ಮಗಳು ಐಶ್ವರ್ಯಾ, "ಡ್ಯಾಡ್, ಪ್ಲೀಸ್ ಸ್ಟಾಪ್" ಅನ್ನುವುದಕ್ಕೂ ಬೇಸತ್ತು ಬಾಗಿಲು ಹಾಕಿಕೊಂಡಿದ್ದಳು.

ಇದಕ್ಕೆಲ್ಲ ಕಾರಣ ದಾವಲ್‌ಸಾಬ. ನವಲಗುಂದದ ಹೈಸ್ಕೂಲಿನಲ್ಲಿ ರುದ್ರೇಶನ ಬೆಂಚಿನಲ್ಲೇ ಕೂತವನು, ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ ಈಗ ಇಲ್ಲಿ ಎಲುಬಿನ ಸರ್ಜನ್. ಇಬ್ಬರೂ ಒಂದೇ ಊರಿಗೆ ಬಂದು ಸೇರಿದ್ದು ಬರೀ ಅದೃಷ್ಟ. ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ದಾವಲ್ ಬಾಗಿಲು ತಟ್ಟದೆ ಒಳಗೆ ಬಂದು, "ಲೇ ರುದ್ರ್ಯಾ, ಚಾ ಐತೇನು?" ಅನ್ನುತ್ತಿದ್ದ. ಹೆಂಡತಿ ಶಾಂತಾ 'ರೀ' ಅನ್ನುತ್ತಾಳೆ, ಮಗಳಿಗೆ ಡ್ಯಾಡ್, ಆಫೀಸಿನವರಿಗೆ ರೂಡಿ. ರುದ್ರ್ಯಾ ಅನ್ನುವುದು ಭೂಮಿಯ ಈ ತುದಿಯಲ್ಲಿ ಒಬ್ಬನೇ.

ಆ ಒಬ್ಬನೂ ಈಗ ಹೊರಟು ನಿಂತಿದ್ದ. ನವಲಗುಂದದಲ್ಲಿ ಎಲುಬಿನ ದವಾಖಾನೆ ತೆರೆಯುವುದೆಂದು ನಿರ್ಧರಿಸಿ, ಹೆಂಡತಿಯನ್ನು ಮುಂಚೆಯೇ ಕಳಿಸಿಬಿಟ್ಟಿದ್ದ. ತಾನೂ ಹೋಗುವ ಮುಂಚೆ ಅವನಿಗೊಂದು ಹಟ ಉಳಿದಿತ್ತು: ದಕ್ಷಿಣದ ಫಿಯೋರ್ಡ್‌ಲ್ಯಾಂಡ್ ಬೆಟ್ಟಗಳಲ್ಲಿ ಒಂದು ದೊಡ್ಡ ಗಂಡು ಎಲ್ಕ್. ಅಲ್ಲಿ ಬೇಟೆಯಾಡಲು ವರ್ಷವೂ ಚೀಟಿ ಎತ್ತುತ್ತಾರೆ. ಎಷ್ಟೋ ವರ್ಷದಿಂದ ಚೀಟಿ ಹಾಕುತ್ತಿದ್ದ ದಾವಲ್‌ನ ಹೆಸರು ಎರಡು ಸಾವಿರದ ಆರರಲ್ಲಿ ಬಂತು. ಹತ್ತು ದಿನದ ಅವಕಾಶ. ಹೆಣ್ಣಿನ ದನಿ ಊದುವುದಕ್ಕೆ ಒಬ್ಬ ಬೇಕು, ಶಾಲೆಯಲ್ಲಿ ಎಮ್ಮೆಯ ಹಾಗೆ ಕೂಗಿ ಮಾಸ್ತರರನ್ನು ವರಾಂಡಕ್ಕೆ ಓಡಿಸುತ್ತಿದ್ದ ನೀನೇ ಸರಿ ಎಂದು ರುದ್ರೇಶನಿಗೆ ಗಂಟುಬಿದ್ದ. ರುದ್ರೇಶ ಒಲ್ಲೆ ಅಂದ. ಆಗ ದಾವಲ್ ನಗುತ್ತಾ ಹೇಳಿದ:

"ಈ ಸಲ ಅದು ಬೀಳಲಿಲ್ಲಂದ್ರ ಮುಂದಿನ ವರ್ಷನೂ ಚೀಟಿ ಹಾಕ್ತೀನಿ. ಬೀಳೂತನಕ ಎಲ್ಲೂ ಹೋಗಂಗಿಲ್ಲ, ತಗೋ."

ಆ ಮಾತಿನ ಮೇಲೆಯೇ ರುದ್ರೇಶ ಹೊರಟದ್ದು.

ಬೆಟ್ಟದ ಬುಡದ ತೆ ಅನೌ ಎಂಬ ಊರಿನಿಂದ ಹೆಲಿಕಾಪ್ಟರ್ ಅವರನ್ನು ಒಂದು ಕಣಿವೆಯಲ್ಲಿ ಇಳಿಸಿ ಹೋಯಿತು. ದಾವಲ್ ಟೆಂಟಿನೊಳಗೆ ತಾಯಿ ನೇಯ್ದ ನವಲಗುಂದದ ಜಮಖಾನ ಹಾಸಿ, ಮೂಗಿನ ಪಾಠ ಶುರುಮಾಡಿದ. ಎಲ್ಕ್‌ಗೆ ಕಣ್ಣಿಗಿಂತ ಮೂಗು ಚುರುಕು, ಸೋಪು ಬೇಡ, ಪೇಸ್ಟು ಬೇಡ, ಎಣ್ಣೆ ಬೇಡ. ರುದ್ರೇಶ ಎಲ್ಲಕ್ಕೂ ತಲೆಯಾಡಿಸಿದ. ಮಾರನೆಯ ಬೆಳಿಗ್ಗೆ ಎದ್ದು, ಮೂವತ್ತು ವರ್ಷದ ರೂಢಿಯಂತೆ ಕೊರಳಿನ ಲಿಂಗವನ್ನು ಅಂಗೈಗೆ ತಂದು, ವಿಭೂತಿ ಹಚ್ಚಿ, ಕರ್ಪೂರ ಬೆಳಗಿದ. ಸೋಪು, ಪೇಸ್ಟಿನ ಸಾಲಿನಲ್ಲಿ ಕರ್ಪೂರವೂ ಬರುತ್ತದೆಂದು ಅವನಿಗೆ ಹೊಳೆಯಲೇ ಇಲ್ಲ. ದೇವರದ್ದು ವಾಸನೆಯ ಲೆಕ್ಕಕ್ಕೆ ಬರುತ್ತದೆಂದು ಯಾರು ತಾನೇ ಅಂದುಕೊಳ್ಳುತ್ತಾರೆ!

ಎರಡು ದಿನ ಮಳೆಯಲ್ಲೇ ಹೋಯಿತು. ಮೂರನೆಯ ದಿನ ರುದ್ರೇಶ ಊದಿದ್ದಕ್ಕೆ ಕಾಡಿನೊಳಗಿಂದ ಉತ್ತರ ಬಂತು. ಬುಡದಲ್ಲಿ ಗುಡುಗು, ತುದಿಯಲ್ಲಿ ಸಿಳ್ಳೆ, ಹಂಬಲದ ಕೂಗು. ಕೊಂಬೆಗಳು ಮುರಿಯುವ ಸದ್ದು ಹತ್ತಿರ ಬಂತು. ಕಂದು ಮೈ, ಹೆಗಲ ಮೇಲೆ ಮರವನ್ನೇ ಹೊತ್ತಂತೆ ಕೊಂಬು. ದಾವಲ್ ಬಂದೂಕು ಎತ್ತುವಷ್ಟರಲ್ಲಿ ಅದು ಮೂಗು ಮೇಲೆತ್ತಿ, ಒಮ್ಮೆ ಬೊಗಳಿದಂತೆ ಸದ್ದುಮಾಡಿ ಮಾಯವಾಯಿತು. ಗಾಳಿ ತಿರುಗಿತೆಂದು ದಾವಲ್ ಅಂದ. ಟೆಂಟಿಗೆ ಬಂದು ಜಾಕೆಟ್ ಕಳಚುವಾಗ ರುದ್ರೇಶನ ಮೂಗಿಗೆ ತನ್ನದೇ ತೋಳಿನಿಂದ ಕರ್ಪೂರ ಹೊಡೆಯಿತು.

ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ವಿಚಾರ ಬಂತು: ಬೀಳದಿದ್ದರೆ ಇವನು ಹೋಗುವುದಿಲ್ಲ. ಇನ್ನೊಂದು ವರ್ಷ. ಐವತ್ತೆರಡು ಶನಿವಾರ. ರುದ್ರೇಶ ಬಾಯಿ ಮುಚ್ಚಿಕೊಂಡ. ಐದನೆಯ ದಿನ ಒಂದರ ಬದಲು ಎರಡು ಬಿಲ್ಲೆ ಹಚ್ಚಿ, ಆರತಿಯ ಮೇಲೆ ತೋಳುಗಳನ್ನು ಹೊರಳಿಸಿದ. ಎಲ್ಕ್ ಮತ್ತೆ ಬಂತು, ಮತ್ತೆ ಹೋಯಿತು. ಏಳನೆಯ ದಿನ ಮೂರು ಬಿಲ್ಲೆ. ಅಂದು ಅದು ಕಾಣಲೂ ಇಲ್ಲ, ದೂರದಿಂದ ಕೂಗಿ ಸುಮ್ಮನಾಯಿತು. ದೇವರ ಹೆಸರಿನಲ್ಲಿ ಇಂಥ ಕಳ್ಳತನ ಅವನ ವಂಶದಲ್ಲೇ ಯಾರೂ ಮಾಡಿರಲಾರರು. ನಾಚಿಕೆಯಾಗುತ್ತಿತ್ತು, ಒಳಗೊಳಗೆ ಖುಷಿಯೂ ಆಗುತ್ತಿತ್ತು.

ಎಂಟನೆಯ ದಿನ ಮಧ್ಯಾಹ್ನ, ಹೊಳೆಯ ಪಕ್ಕ ಕೂತು ಶಾಂತಾ ಕಟ್ಟಿಕೊಟ್ಟ ಒಣ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳುವಾಗ, ದಾವಲ್ ತಲೆಯೆತ್ತದೆ ಕೇಳಿದ.

"ಲೇ ರುದ್ರ್ಯಾ, ಕರ್ಪೂರದ ಡಬ್ಬಿ ಖಾಲಿ ಆತೇನು?"

ರುದ್ರೇಶ ತುತ್ತು ಕೆಳಗಿಟ್ಟ. ಮೊದಲ ದಿನದಿಂದಲೂ ಗೊತ್ತಿತ್ತೇ ಎಂದು ಕೇಳಿದ. ಗೊತ್ತಿತ್ತು ಅಂದ ದಾವಲ್. ಹಾಗಾದರೆ ಯಾಕೆ ಬೇಡ ಅನ್ನಲಿಲ್ಲ?

"ನಿನ್ನ ಪೂಜಾ ಬ್ಯಾಡ ಅಂತ ನಾ ಹೆಂಗ ಅನ್ಲಿ? ನನ್ನ ರೋಜಾದಾಗ ಇಡೀ ತಿಂಗಳ ನೀ ಸಾಲ್ಯಾಗ ನನ್ನ ಮುಂದ ಒಂದ್ ಗುಟುಕು ನೀರ ಕುಡೀಲಿಲ್ಲ. ನೆಪ್ಪೈತೇನು?" ರೊಟ್ಟಿಯ ಚೂರೊಂದು ಮುರಿದುಕೊಂಡ. "ಮೂರು ಬಿಲ್ಲೆ ಹಚ್ಚಿದಾಗ ಯಾಕಂತ ತಿಳೀತು. ತಪ್ಪು ನಂದೂ ಐತಿ. ಊರಿಗೆ ಹೋಗೂ ಟಿಕೆಟ್ ಹಿಂದ ಜನವರಿಯೊಳಗನ ತಗೊಂಡೀನಿ, ರುದ್ರ್ಯಾ. ಬಿದ್ರೂ ಹೋಗಾವ, ಬೀಳದಿದ್ರೂ ಹೋಗಾವ. ನೀ ಬರ್ಲಿ ಅಂತ ಹಂಗಂದೆ. ಖರೇ ಹೇಳಾಕ ಧೈರ್ಯ ಆಗಲಿಲ್ಲ."

ರುದ್ರೇಶನಿಗೆ ಮೊದಲು ಸಿಟ್ಟು ಬಂತು. ಎದ್ದು ಹೋಗಿ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತ. ಸೊಳ್ಳೆಗಿಂತ ಸಣ್ಣ ನೊಣಗಳು ಕತ್ತು ಕಚ್ಚಿ ಕಚ್ಚಿ ಕೆಂಪು ಮಾಡಿದವು, ಕೈಯೆತ್ತಿ ಓಡಿಸಲಿಲ್ಲ. ಕಡೆಗೆ ಸಿಟ್ಟು ಇಳಿದು ಅಳು ಬಂತು. ದಾವಲ್ ಚಾ ಮಾಡಿ ತಂದು ಪಕ್ಕದಲ್ಲಿಟ್ಟು ಹೋದ.

ಒಂಬತ್ತನೆಯ ದಿನ ಬೆಳಿಗ್ಗೆ ರುದ್ರೇಶ ಅಂಗಿ, ಜಾಕೆಟ್ಟನ್ನೆಲ್ಲ ಹೊಳೆಯಲ್ಲಿ ಅದ್ದಿ ಹಿಂಡಿ, ಒದ್ದೆಯಲ್ಲೇ ತೊಟ್ಟುಕೊಂಡ. ಅಂಗೈ ಮೇಲಿನ ಲಿಂಗಕ್ಕೆ ಬರೀ ಹೊಳೆಯ ನೀರು, ಒಂದು ಕಾಡಿನ ಎಲೆ. ಹಣೆ ಖಾಲಿ. ಹಲ್ಲು ಕಟಕಟ ಅನ್ನುತ್ತಾ ದಾವಲ್‌ನ ಹಿಂದೆ ಬೆಟ್ಟ ಹತ್ತಿ ಕೊಳವೆ ಬಾಯಿಗಿಟ್ಟ. ಗ್ಯಾರೇಜಿನಲ್ಲಿ ಮೂರು ತಿಂಗಳು ಊದಿದ್ದು ಕಲಿತ ದನಿ. ಈ ದಿನದ್ದು ಅದಲ್ಲ. ಹೋಗಬೇಡ ಅನ್ನುವುದಕ್ಕೆ ಬಾಯಲ್ಲಿ ಆಗದ್ದನ್ನೆಲ್ಲ ಅವನು ಆ ಕೊಳವೆಯೊಳಗೆ ಊದಿದ.

ಎಲ್ಕ್ ನಿಲ್ಲದೆ ಬಂತು. ಹುಲ್ಲಿನ ಬಯಲಿಗೆ ಇಳಿದು, ಮೂಗಿನಿಂದ ಹಬೆ ಬಿಡುತ್ತಾ, ದನಿ ಬಂದ ಕಡೆ ನೇರ ನೋಡಿ ನಿಂತಿತು. ದಾವಲ್ ಗುರಿ ಹಿಡಿದ, ಆದರೆ ಹೊಡೆಯಲಿಲ್ಲ. ಕತ್ತು ತಿರುಗಿಸಿ ಗೆಳೆಯನ ಮುಖ ನೋಡಿದ. ಅವನು ಕೇಳುತ್ತಿದ್ದದ್ದು ಎಲ್ಕ್‌ನ ವಿಚಾರವಲ್ಲ, ತಾನು ಹೋಗುವುದರ ವಿಚಾರ ಎಂದು ರುದ್ರೇಶನಿಗೆ ತಿಳಿಯಿತು. ಬೇಡ ಅಂತ ತಲೆಯಾಡಿಸಿದ್ದರೆ ದಾವಲ್ ಬಂದೂಕು ಇಳಿಸುತ್ತಿದ್ದ, ಅದೂ ತಿಳಿಯಿತು. ರುದ್ರೇಶ ಹೂಂ ಎಂದು ತಲೆಯಾಡಿಸಿದ.

ಬಿಸ್ಮಿಲ್ಲಾ ಅನ್ನುವ ಪಿಸುದನಿ, ಗುಂಡಿನ ಸದ್ದು. ಕಣಿವೆ ಎರಡು ಸಲ ಅದನ್ನು ತಿರುಗಿ ಹೇಳಿತು. ಹುಟ್ಟಿದಾರಭ್ಯ ಮೊಟ್ಟೆ ಮುಟ್ಟದ ರುದ್ರೇಶ ಅಂದು ಮಾಂಸದ ಚೀಲ ಬೆನ್ನಿಗೆ ಕಟ್ಟಿಕೊಂಡು ಮೂರು ಸಲ ಬೆಟ್ಟ ಇಳಿದ. ಬೇಡ ಬಿಡೋ ಅಂತ ದಾವಲ್ ಎಷ್ಟಂದರೂ ಕೇಳಲಿಲ್ಲ. ಅವನ ಭಾರದಲ್ಲಿ ಅರ್ಧ ತನಗಿರಲಿ ಅನ್ನಿಸಿತ್ತು.

ಮೇ ತಿಂಗಳಲ್ಲಿ ದಾವಲ್ ಹೋದ. ಜಮಖಾನವನ್ನು ಇಲ್ಲೇ ಬಿಟ್ಟುಹೋದ. ಮೊದಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ದವಾಖಾನೆಯ ಗದ್ದಲದಲ್ಲಿ ತಿಂಗಳಿಗೊಮ್ಮೆ. ಶನಿವಾರ ಶಾಂತಾ ಅಭ್ಯಾಸಬಲದಿಂದ ಮೂರು ಕಪ್ಪು ನೀರು ಇಟ್ಟು, ಒಂದನ್ನು ಚೆಲ್ಲುತ್ತಿದ್ದಳು.

ಮುಂದಿನ ವರ್ಷದ ಚೀಟಿಯ ಅರ್ಜಿ ಕರೆದಾಗ ರುದ್ರೇಶ ಒಂದು ಫಾರಂ ತರಿಸಿಕೊಂಡ. ಬಂದೂಕಿನ ಲೈಸೆನ್ಸ್ ಇಲ್ಲದವನಿಗೆ ಇದೇನು ಹುಚ್ಚು ಎಂದು ಶಾಂತಾ ಕೇಳಿದಳು. ಅವನು ಜಮಖಾನದ ಮೇಲೆ ಕೂತು ಅದನ್ನು ತುಂಬಿದ. ತಂಡದ ಮುಖ್ಯಸ್ಥ: ದಾವಲ್‌ಸಾಬ. ಜೊತೆಗಾರ ಎಂಬಲ್ಲಿ ರುದ್ರೇಶ ಎಂದು ಬರೆಯಹೋಗಿ, ಕೈ ತಡೆದು, ರುದ್ರ್ಯಾ ಎಂದು ಬರೆದ. ಯಾವ ತಾರೀಖುಗಳು ಅನುಕೂಲ ಎಂದು ಕೇಳಿದ್ದ ಜಾಗದಲ್ಲಿ, ಯಾವಾಗ ಕೊಟ್ಟರೂ ಬರುತ್ತೇವೆ ಎಂದು ಬರೆದು ಲಕೋಟೆ ಅಂಟಿಸಿದ.